ಒಣ ನಡಿಗೆ

ನೀರಿಗಿಳಿಯುವ ಮುಂಚೆ ನೆಲದ ಮೇಲೆ ನಡೆಯಬೇಕು ಎನ್ನುವುದು ನಮ್ಮ ಗುಂಪಿನ ಪದ್ಧತಿ. ಅದನ್ನು ನಾವು ಒಣ ನಡಿಗೆ ಎನ್ನುತ್ತೇವೆ. ಸಮುದ್ರದೊಳಗೆ ಯಾರ ಪಕ್ಕ ಯಾರಿರಬೇಕು, ಬಂಡೆ ಯಾವ ಕೈಗೆ ಬರಬೇಕು, ಎಲ್ಲಿ ತಿರುಗಬೇಕು ಎಂಬುದನ್ನೆಲ್ಲ ಒಂದು ವಾರ ಮೊದಲೇ ಕೋಣೆಯೊಳಗೆ ನಡೆದು ನೋಡುತ್ತೇವೆ. ನಡೆಯುವಾಗ ಮಾತಾಡುವಂತಿಲ್ಲ. ನೀರಿನಲ್ಲಿ ಹೇಗೋ ಹಾಗೆ, ಕೈಸನ್ನೆಯಷ್ಟೇ.

ಈ ಪದ್ಧತಿಯನ್ನು ತಂದವರು ನನ್ನ ಸೋದರಮಾವ. ಅವರದು ಲಿಫ್ಟ್ ರಿಪೇರಿ ಕೆಲಸ. "ವಾರವೆಲ್ಲ ಊರಿನ ಜನಾನ ಮೇಲೆ ಕೆಳಗೆ ಮಾಡ್ತೀನಿ, ಭಾನುವಾರ ನಾನೇ ಮೇಲೆ ಕೆಳಗೆ ಆಗ್ತೀನಿ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ನನಗೆ ಹನ್ನೊಂದು ವರ್ಷವಾಗಿದ್ದಾಗ ನನ್ನ ಮುಖಕ್ಕೆ ಮೊದಲ ಸಲ ಮಾಸ್ಕ್ ಕಟ್ಟಿದವರು ಅವರು. ಹದಿನೆಂಟಾದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿದವರೂ ಅವರೇ. ಅಲ್ಲಿಂದೀಚೆಗೆ ನೀರಿನಲ್ಲಿ ನನಗೆ ಬೇರೆ ಜೋಡಿ ಇರಲಿಲ್ಲ. ನಮ್ಮಿಬ್ಬರ ನಡುವೆ ಈವರೆಗೆ ನಡೆದ ಮಾತುಗಳನ್ನೆಲ್ಲ ಒಟ್ಟು ಮಾಡಿದರೆ ಅವುಗಳಲ್ಲಿ ಹೆಚ್ಚಿನವು ಕೈಯಲ್ಲಿ ಆಡಿದವು. ಬಾಯಲ್ಲಿ ಆಡಿದವುಗಳಿಗಿಂತ ಅವೇ ನನಗೆ ಚೆನ್ನಾಗಿ ನೆನಪಿವೆ.

ಈ ವರ್ಷ, ಬಂಡೆಗಳನ್ನು ಪೇರಿಸಿ ಸಮುದ್ರದೊಳಕ್ಕೆ ಕಟ್ಟಿದ ಕಲ್ಲಿನ ಜೆಟ್ಟಿಯ ಡೈವಿಂಗ್‌ಗೆ ದಿನ ಗೊತ್ತಾದಾಗ ಮಾವ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು.

"ಈ ಸಲ ಪ್ಲಾನ್ ನಿಂದು. ಯಾರು ಇಳೀಬೇಕು, ಯಾರು ಬೇಡ, ಎಲ್ಲ ನೀನು ಹೇಳಿದ ಹಾಗೆ."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ, ಅವರು ಯಾಕೆ ಕೊಟ್ಟರು ಎಂದು ಯೋಚಿಸಲು ಹೋಗಲಿಲ್ಲ.

ನಾವು ಸೇರುವುದು ಔಷಧಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಗೋದಾಮಿನ ಕಿಟಕಿಗಳು ಎತ್ತರದಲ್ಲಿವೆ. ಅಲ್ಲಿಂದ ಬಿಸಿಲು ಓರೆಯಾಗಿ ಸಿಮೆಂಟ್ ನೆಲಕ್ಕೆ ಬೀಳುತ್ತದೆ. ರಟ್ಟಿನ ವಾಸನೆ, ಸ್ಪಿರಿಟ್ ವಾಸನೆ. ಕೆಮ್ಮಿನ ಔಷಧಿಯ ಪೆಟ್ಟಿಗೆಗಳನ್ನು ನಡುವೆ ಉದ್ದಕ್ಕೆ ಜೋಡಿಸಿದರೆ ಅದೇ ನಮ್ಮ ಜೆಟ್ಟಿ. ಮೂರು ಕಡೆ ಪೆಟ್ಟಿಗೆಗಳನ್ನು ಸ್ವಲ್ಪ ಓರೆ ಮಾಡಿದ್ದೆ. ನಿಜವಾದ ಜೆಟ್ಟಿಯೂ ಸಮುದ್ರದೊಳಕ್ಕೆ ಹೋಗುತ್ತ ಮೂರು ಕಡೆ ಬಾಗುತ್ತದೆ.

ಇಳಿಯುವವರು ಆರು ಜನ. ಅಂಗಡಿಯ ಯಜಮಾನರಾದ ಔಷಧಿಯವರು, ಅವರಿಗೆ ಜೋಡಿಯಾಗಿ ಈ ವರ್ಷವಷ್ಟೇ ಕಲಿತ ಪ್ರೈಮರಿ ಸ್ಕೂಲ್ ಟೀಚರ್. ಬಸ್ ಡ್ರೈವರ್ ಮತ್ತು ಅವರ ಹೆಂಡತಿ; ಆಕೆ ನಮಗೆಲ್ಲ ಅತ್ತಿಗೆ. ಮಾವ ಮತ್ತು ನಾನು. ಏಳನೆಯವರು ಔಷಧಿಯವರ ಭಾವ, ರಿಟೈರಾದ ಪೋಸ್ಟ್‌ಮ್ಯಾನ್. ಅವರಿಗೆ ಈಜು ಬಾರದು. ಬಂಡೆಯ ಮೇಲೆ ಕೂತು ಎಷ್ಟು ತಲೆ ಒಳಗೆ ಹೋಯಿತು, ಎಷ್ಟು ತಲೆ ಹೊರಗೆ ಬಂತು ಎಂದು ಎಣಿಸುವುದು ಅವರ ಜವಾಬ್ದಾರಿ.

ಬೋರ್ಡಿನ ಮೇಲೆ ಮೂರು ಜೋಡಿಗಳನ್ನು ಬರೆದು ನಾನು ಪ್ಲಾನ್ ಹೇಳಿದೆ. ಜೆಟ್ಟಿಯ ಅಲೆ ಕಡಿಮೆಯಿರುವ ಮಗ್ಗುಲಿನಿಂದ ಇಳಿಯುವುದು. ಹೋಗುವಾಗ ಬಂಡೆ ಬಲಗೈಗೆ, ಬರುವಾಗ ಎಡಗೈಗೆ. ಯಾವತ್ತೂ ನಾವು ಜೆಟ್ಟಿಯ ತುದಿಯವರೆಗೆ ಹೋಗಿ ತಿರುಗುತ್ತಿದ್ದೆವು. ಈ ಸಲ ಬೇಡ ಎಂದೆ. ಎರಡು ದಿನ ಹೋಗಿ ನೋಡಿಕೊಂಡು ಬಂದಿದ್ದೆ. ನಾವು ಇಳಿಯುವ ಹೊತ್ತಿಗೆ ತುದಿಯಲ್ಲಿ ಸೆಳೆತ ಜೋರಾಗಿರುತ್ತದೆ. ಬಂಡೆಯಿಂದ ಎರಡು ಮಾರು ಆಚೆ ಸರಿದವರನ್ನು ಎಳೆದುಕೊಂಡು ಹೋಗುವಷ್ಟು. ಹಾಗಾಗಿ ಮೂರನೇ ಬಾಗಿಗೇ ತಿರುಗುವುದು.

ಆಮೇಲೆ ಒಪ್ಪಿಸುವುದು. ಮಕ್ಕಳು ಪಾಠ ಒಪ್ಪಿಸಿದ ಹಾಗೆ ಒಬ್ಬೊಬ್ಬರೂ ತಾವು ಕೇಳಿದ್ದನ್ನು ತಿರುಗಿ ಹೇಳಬೇಕು. ಟೀಚರ್ ಒಂದಕ್ಷರ ತಪ್ಪದೆ ಹೇಳಿದಳು. ಔಷಧಿಯವರು, ಡ್ರೈವರ್, ಅತ್ತಿಗೆ ಹೇಳಿದರು. ಕೊನೆಗೆ ಮಾವ.

"ಬಲಗೈಗೆ ಬಂಡೆ. ನಿಧಾನಕ್ಕೆ ತುದಿವರೆಗೂ ಹೋಗೋದು, ತಿರುಗೋದು, ಎಡಗೈಗೆ ಬಂಡೆ, ಬರೋದು."

ಎಲ್ಲರೂ ನಕ್ಕರು.

"ಹಳೇ ರೂಟು ಬಿಡೋಕೆ ಇವರಿಗೆ ಮನಸ್ಸಿಲ್ಲ," ಎಂದರು ಡ್ರೈವರ್. "ನಮ್ಮ ಡಿಪೋದಲ್ಲೂ ಒಬ್ಬ ಇದ್ದ. ರೂಟ್ ಬದಲಾಗಿ ಮೂರು ತಿಂಗಳಾದ್ರೂ ಹಳೇ ಸ್ಟಾಪಲ್ಲೇ ಬಸ್ ನಿಲ್ಲಿಸೋನು."

"ಆ ಒಬ್ಬ ಯಾರು ಅಂತ ನಾನು ಹೇಳ್ಲಾ?" ಎಂದರು ಅತ್ತಿಗೆ.

ಮಾವ ಎಲ್ಲರ ಮುಖ ನೋಡಿದರು, ಎಲ್ಲರೂ ನಗುತ್ತಿರುವುದನ್ನು ಕಂಡು ತಾವೂ ನಕ್ಕರು. ಒಂದು ಗಳಿಗೆ ತಡವಾಗಿ. ನಾನು ಹತ್ತಿರ ಹೋಗಿ, "ತುದಿ ಅಲ್ಲ ಮಾವ, ಮೂರನೇ ಬಾಗು," ಎಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಹೌದು ಹೌದು, ಮೂರನೇ ಬಾಗು," ಎಂದರು.

ಅವರ ಬಲಗಿವಿ ಮಂದ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಲಿಫ್ಟಿನ ಮೆಷಿನ್ ರೂಮುಗಳಲ್ಲಿ ಕಳೆದ ವರ್ಷಗಳು ಅದನ್ನು ತಿಂದಿದ್ದವು. ಅದಕ್ಕೇ ಎಲ್ಲರೂ ಅವರ ಎಡಕ್ಕೆ ಕೂರುತ್ತಿದ್ದೆವು. ಅವತ್ತು ನಾನೂ ಎಡಕ್ಕೇ ನಿಂತಿದ್ದೆ.

ನಡಿಗೆ ಶುರುವಾಯಿತು. ಜೋಡಿಜೋಡಿಯಾಗಿ ಪೆಟ್ಟಿಗೆಗಳ ಪಕ್ಕ ನಡೆದೆವು. ಎರಡನೇ ಬಾಗಿನ ಹತ್ತಿರ ಔಷಧಿಯವರು ಟೀಚರ್ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿ ತೋರಿಸಿದರು. ಸರಿಯಿದ್ದೀಯಾ ಎಂದು ಅರ್ಥ. ಅವಳು ಖುಷಿಯಿಂದ ಹೆಬ್ಬೆರಳು ಎತ್ತಿ ಸೂಪರ್ ಎನ್ನುವಂತೆ ತೋರಿಸಿದಳು.

ಔಷಧಿಯವರು ನಿಂತುಬಿಟ್ಟರು. ತಾವೂ ಹೆಬ್ಬೆರಳು ಎತ್ತಿದರು. ಡ್ರೈವರ್ ಎತ್ತಿದರು, ಅತ್ತಿಗೆ ಎತ್ತಿದರು, ಮಾವ, ನಾನು. ಆರೂ ಜನ ತುಟಿ ಪಿಟಕ್ಕೆನ್ನದೆ ಹಿಂದಿರುಗಿ, ಬಾಗಿಲು ದಾಟಿ, ಹಿತ್ತಿಲಿಗೆ ಹೋಗಿ ನಿಂತೆವು. ಟೀಚರಿಗೆ ಏನಾಯಿತೆಂದೇ ತಿಳಿಯಲಿಲ್ಲ.

"ಏನಾಯ್ತು? ನಾನು ಚೆನ್ನಾಗಿದೀನಿ ಅಂದೆ ಅಷ್ಟೇ..."

"ಚೆನ್ನಾಗಿದೀನಿ ಅನ್ನೋದು ಸುತ್ತು ಕಣಮ್ಮ," ಎಂದರು ಮಾವ. "ಹೆಬ್ಬೆರಳು ಎತ್ತಿದ್ರೆ, ಮುಗೀತು, ಮೇಲಕ್ಕೆ ಹೋಗೋಣ ಅಂತ. ಯಾರು ಬೇಕಾದ್ರೂ ಎತ್ತಬಹುದು. ಎತ್ತಿದ್ಮೇಲೆ ಜೋಡಿ ಜೊತೇಲೇ ಬರಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ. ಆಮೇಲೆ ಟೀ ಕುಡೀವಾಗ್ಲೂ ಕೇಳೋ ಹಾಗಿಲ್ಲ."

"ಕೇಳಿದ್ರೆ?"

"ಕೇಳಿದ್ರೆ ಮುಂದಿನ ಸಲ ಹೆದರಿಕೆ ಆದೋನು ನಾಚ್ಕೊಂಡು ಬೆರಳು ಎತ್ತಲ್ಲ. ನಾಚ್ಕೊಂಡು ಸತ್ತೋರು ಬಹಳ ಜನ ಇದಾರೆ."

ಅವಳು ಪಕ್ಕದಲ್ಲಲ್ಲ, ಎದುರಿಗೆ ನಿಂತಿದ್ದಳು. ಅವಳಾಡಿದ್ದೆಲ್ಲ ಮಾವನಿಗೆ ತಿಳಿಯಿತು.

ಎರಡನೇ ಸಲ ನಡೆದೆವು. ಈ ಸಲ ಔಷಧಿಯವರಿಗೆ ಒಂದು ಕೆಲಸ ಹೇಳಿದ್ದೆ. ನಡುವೆ ಎಲ್ಲಾದರೂ ಖಾಲಿ ಸಿಲಿಂಡರ್ ಮೇಲೆ ಕಬ್ಬಿಣದ ಚಮಚದಿಂದ ಹೊಡೆಯುವುದು. ನೀರಿನಲ್ಲಿ ಯಾರಿಗಾದರೂ ತೊಂದರೆಯಾದರೆ ಹೀಗೇ ಕರೆಯುತ್ತೇವೆ. ಸದ್ದು ಕೇಳಿದೊಡನೆ ಎಲ್ಲರೂ ನಿಂತು ಹೊಡೆದವರ ಕಡೆ ತಿರುಗಬೇಕು.

ಮೂರನೇ ಬಾಗಿಗೆ ಇನ್ನೇನು ಹತ್ತು ಹೆಜ್ಜೆ ಇರುವಾಗ ಹಿಂದಿನಿಂದ ಟಣ್ ಎಂದಿತು. ನಾನು ನಿಂತು ತಿರುಗಿದೆ. ಮುಂದಿದ್ದ ಡ್ರೈವರ್, ಅತ್ತಿಗೆ ಇಬ್ಬರೂ ತಿರುಗಿದರು. ಇನ್ನೊಮ್ಮೆ ಟಣ್ ಎಂದಿತು. ಮಾವ ನಡೆಯುತ್ತಲೇ ಇದ್ದರು. ಬಲಗೈ ಪೆಟ್ಟಿಗೆಗಳ ಕಡೆ ಚಾಚಿ, ತಲೆ ಸ್ವಲ್ಪ ಬಗ್ಗಿಸಿ, ಅವರು ನೀರಿನಲ್ಲಿ ಹೋಗುವ ಹಾಗೆಯೇ, ಯಾವ ಅವಸರವೂ ಇಲ್ಲದೆ. ನಾಲ್ಕು ಹೆಜ್ಜೆ ಹೋದ ಮೇಲೆ ಪಕ್ಕದಲ್ಲಿ ನಾನಿಲ್ಲದ್ದು ಗೊತ್ತಾಯಿತು. ತಿರುಗಿ ನೋಡಿದರು. ಎಲ್ಲರೂ ನಿಂತಿದ್ದರು. ತಕ್ಷಣ ಅವರು ಬಗ್ಗಿ ಶೂ ಲೇಸ್ ಕಟ್ಟುವವರಂತೆ ಕಾಲಿನ ಕಡೆ ಕೈ ಹಾಕಿದರು.

ಅವರು ಹಾಕಿಕೊಂಡಿದ್ದದ್ದು ಚಪ್ಪಲಿ.

ಬಗ್ಗಿದಾಗ ಕಿಟಕಿಯ ಬಿಸಿಲು ಅವರ ತಲೆಯ ಮೇಲೆ ಬಿತ್ತು. ಎಡಗಿವಿಯೊಳಗೆ ಬಟಾಣಿಯಷ್ಟು ಹತ್ತಿ ಕಾಣಿಸಿತು. ಬೇರೆ ಯಾರೂ ಅದನ್ನು ನೋಡಲಿಲ್ಲ. ಔಷಧಿಯವರು ಟೀಚರಿಗೆ ಚಮಚ ಹಿಡಿಯುವುದನ್ನು ತೋರಿಸುತ್ತಿದ್ದರು.

"ಟೀ ಕುಡಿಯೋಣ," ಎಂದೆ.

ಮಾವ ಟೀ ತೆಗೆದುಕೊಂಡು ಹಿತ್ತಿಲಿನ ನಲ್ಲಿಯ ಹತ್ತಿರ ಹೋಗಿ ಕಟ್ಟೆಯ ಮೇಲೆ ಕೂತರು. ಒಳಗಿನಿಂದ ಅತ್ತಿಗೆಯ ದನಿ ಕೇಳಿಸುತ್ತಿತ್ತು: ಮನೆಯಲ್ಲಿ ಗಂಡ ಒಂದು ಮಾತಿಗೂ ಉತ್ತರ ಕೊಡುವುದಿಲ್ಲ, ನೀರಿನಲ್ಲಾದರೆ ನಿಮಿಷಕ್ಕೊಂದು ಸಲ ಸರಿಯಿದ್ದೀಯಾ ಎಂದು ಕೇಳುತ್ತಾನೆ, ಅದಕ್ಕೇ ತಾನು ಡೈವಿಂಗ್ ಕಲಿತದ್ದು ಎಂದು ಟೀಚರಿಗೆ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಮಾವನ ಬೆನ್ನು ನೋಡಿದೆ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆಂದರೆ ತಮಟೆ ತೂತಾಗಿರಬೇಕು. ಹಾಗಾದವರು ನೀರಿಗಿಳಿಯಬಾರದು. ತಣ್ಣೀರು ಒಳಗೆ ಹೋದರೆ ತಲೆ ಗಿರ್ರನೆ ತಿರುಗುತ್ತದೆ, ಮೇಲೆ ಕೆಳಗೆ ತಿಳಿಯುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರೂ ಮಾವನೇ.

ಎಲ್ಲರೆದುರು ಹೇಳಿ ಅವರ ಮುಖ ಕೆಳಗಾಗಿಸುವುದು ನನ್ನಿಂದ ಆಗದು ಎನಿಸಿತು. ಆಗ ಒಂದು ದಾರಿ ಹೊಳೆಯಿತು. ನಾನು ಹೋಗಿ ಅವರೆದುರು ನಿಂತು ಹೆಬ್ಬೆರಳು ಎತ್ತಿದೆ. ನಾನು ಇಳಿಯುವುದಿಲ್ಲವೆಂದರೆ ನನ್ನ ಜೋಡಿಯೂ ಇಳಿಯುವಂತಿಲ್ಲ. ಯಾರೂ ಕಾರಣ ಕೇಳುವಂತಿಲ್ಲ. ಅವರ ಗುಟ್ಟು ಅವರಲ್ಲೇ ಉಳಿಯುತ್ತದೆ.

ಮಾವ ನನ್ನ ಬೆರಳನ್ನೇ ನೋಡಿದರು. ಟೀ ಲೋಟ ಕೆಳಗಿಟ್ಟರು.

"ಯಾಕೆ?"

"ಯಾಕೆ ಅಂತ ಕೇಳೋ ಹಾಗಿಲ್ಲ ಮಾವ."

"ಅದು ನೀರಿನೊಳಗಿನ ಮಾತು. ಅಲ್ಲಿ ಬಾಯಲ್ಲಿ ರಬ್ಬರ್ ಕಚ್ಕೊಂಡಿರ್ತೀವಿ, ಅದಕ್ಕೆ ಕೇಳಲ್ಲ. ಇಲ್ಲಿ ನಿನ್ನ ಬಾಯಿಗೆ ಏನಾಗಿದೆ?"

ನಾನು ಎತ್ತಿದ ಬೆರಳನ್ನು ಇಳಿಸಿದೆ.

"ನನ್ನ ಮರ್ಯಾದೆ ಕಾಯೋಕೆ ನೀನು ದಡದಲ್ಲಿ ಕೂತ್ಕೋತೀಯಾ? ಸರಿ. ಮುಂದಿನ ಸಲ? ಅದರ ಮುಂದಿನ ಸಲ? ಎಷ್ಟು ಸಲ ಬೆರಳು ಎತ್ತುತ್ತೀಯೆ ನೀನು?" ಅವರು ದನಿ ಏರಿಸಿರಲಿಲ್ಲ. "ಹೇಳೋದಿದ್ರೆ ಬಾಯಲ್ಲಿ ಹೇಳು. ಜೋರಾಗಿ ಹೇಳು."

"ನಿಮಗೆ ಕಿವಿ ಕೇಳಿಸ್ತಿಲ್ಲ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಒಳಗೆ ಅತ್ತಿಗೆಯ ಮಾತು ನಿಂತಿತು.

ಮಾವ ಹೌದೆಂದು ತಲೆಯಾಡಿಸಿದರು. ಕಟ್ಟೆಯನ್ನು ಕೈಯಿಂದ ತಟ್ಟಿ ಕೂರು ಎಂದು ಸನ್ನೆ ಮಾಡಿದರು. ನಾನು ಅಭ್ಯಾಸದಂತೆ ಎಡಕ್ಕೆ ಕೂರಲು ಹೋದೆ. ಅವರು ತೋಳು ಹಿಡಿದು ಎದುರಿಗಿದ್ದ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರಿಸಿದರು.

"ಬಲಗಿವಿ ಹೋಗಿ ಹತ್ತು ವರ್ಷ ಆಯ್ತು. ಎಡಗಿವಿಯಲ್ಲೇ ಸಂಸಾರ ನಡೀತಿತ್ತು," ಎಂದರು. "ಚಳಿಗಾಲದಲ್ಲಿ ನೀನು ಪರೀಕ್ಷೆ ಬರೆಯೋಕೆ ಹೋಗಿದ್ದೆಯಲ್ಲ, ಆವಾಗ ಡ್ರೈವರ್ ಜೊತೆ ಇಳಿದಿದ್ದೆ. ಶೀತ ಇತ್ತು. ಕಿವಿ ಕಟ್ಕೊಂತು. ಕಟ್ಟಿದ್ದು ಬಿಡಲಿ ಅಂತ ಮೂಗು ಹಿಡಿದು ಊದಿದೆ, ಬಿಡಲಿಲ್ಲ. ಇನ್ನೂ ಜೋರಾಗಿ ಊದಿದೆ. ಒಳಗೆ ಬಟ್ಟೆ ಹರಿದ ಹಾಗೆ ಸದ್ದಾಯ್ತು. ನಾನು ಚೆನ್ನಾಗಿ ಕೇಳಿಸ್ಕೊಂಡ ಕೊನೇ ಸದ್ದು ಅದೇ."

"ಡ್ರೈವರ್ ಅಣ್ಣನಿಗೆ ಗೊತ್ತಾ?"

"ಅವನಿಗೆಲ್ಲಿ ಗೊತ್ತಾಗುತ್ತೆ, ಹೆಂಡತಿ ಇಲ್ಲದ ದಿನ ಅವನು ಮೀನು ನೋಡ್ಕೊಂಡಿರ್ತಾನೆ. ಒಂದು ಬಂಡೆ ತಬ್ಕೊಂಡು ಕಣ್ಣು ಮುಚ್ಚಿದೆ. ಪ್ರಪಂಚ ತಿರುಗ್ತಾ ಇತ್ತು. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗ್ಲಿಲ್ಲ ಕಣೇ. ಬದುಕೆಲ್ಲ ಲಿಫ್ಟ್ ರಿಪೇರಿ ಮಾಡಿದೋನಿಗೆ!"

ಅವರು ನಗಲು ನೋಡಿದರು. ನಗು ಬರಲಿಲ್ಲ.

"ಡಾಕ್ಟರ್ ಏನಂದ್ರು?"

"ತೂತು ದೊಡ್ಡದು, ತಾನಾಗಿ ಮುಚ್ಚಲ್ಲ ಅಂದ್ರು. ಸಮುದ್ರ ಇನ್ನು ಮರೆತುಬಿಡಿ ಅಂದ್ರು. ಸ್ನಾನ ಮಾಡುವಾಗ್ಲೂ ಹತ್ತಿ ಇಟ್ಕೋಬೇಕಂತೆ."

"ಮತ್ತೆ ಇವತ್ತು ಯಾಕೆ ಬಂದ್ರಿ? ಬೋರ್ಡಲ್ಲಿ ನಿಮ್ಮ ಜೋಡಿ ಬರೆದಾಗ ಸುಮ್ಮನೆ ಇದ್ರಲ್ಲ?"

ನಲ್ಲಿಯಿಂದ ಹನಿ ಬೀಳುತ್ತಿತ್ತು. ಅದು ಅವರಿಗೆ ಕೇಳಿಸುತ್ತಿಲ್ಲವಲ್ಲ ಎಂದುಕೊಂಡೆ. ನೀರಿನೊಳಗಿನ ಮೌನವನ್ನು ನಾವಿಬ್ಬರೂ ಬೇಕೆಂದೇ ಹುಡುಕಿಕೊಂಡು ಹೋಗುತ್ತಿದ್ದೆವು. ಇದು ಆ ಮೌನವಾಗಿರಲಿಲ್ಲ.

"ಇದೊಂದು ಸಲ ಅಂತ," ಎಂದರು. "ಜೆಟ್ಟಿ ಪಕ್ಕ, ಆಳ ಇಲ್ಲ, ನೀನು ಜೊತೆಗಿರ್ತೀಯ. ಕಿವಿಗೆ ಮೇಣ ಗಟ್ಟಿಯಾಗಿ ತುಂಬಿಕೊಂಡ್ರೆ ಆಗುತ್ತೆ ಅಂದ್ಕೊಂಡೆ. ಆಮೇಲೆ ನಾನೇ ಹೇಳ್ತಿದ್ದೆ. ಮೊದಲೇ ಹೇಳಿದ್ರೆ ನೀನು ಬಿಡ್ತೀಯಾ?"

"ಮೇಣ ಕಿತ್ತು ಬಂದ್ರೆ?"

ಅವರು ಎಡಗಿವಿಯ ಹತ್ತಿಯನ್ನು ಬೆರಳಿನಿಂದ ಒತ್ತಿಕೊಂಡರು.

"ತಲೆ ತಿರುಗಿ ನೀವು ಬಂಡೆ ಬಿಟ್ರಿ ಅಂದ್ಕೊಳ್ಳಿ. ಸೆಳೆತ ಎಳೀತು. ನಿಮ್ಮ ಹಿಂದೆ ಬರೋದು ಯಾರು?"

ಮಾವ ನನ್ನ ಮುಖ ನೋಡಿದರು. ಬಾಯಿಯನ್ನಲ್ಲ, ಕಣ್ಣನ್ನು. ಅವರಿಗೆ ಇದು ಹೊಳೆದೇ ಇರಲಿಲ್ಲ ಎಂದು ನನಗೆ ಅನಿಸುವುದಿಲ್ಲ. ಹೊಳೆದದ್ದನ್ನು ಅವರು ಬದಿಗೆ ಸರಿಸಿ ಇಟ್ಟಿದ್ದರು. ನಾನು ಅದನ್ನು ಎತ್ತಿ ಅವರ ಮುಂದಿಟ್ಟಿದ್ದೆ.

"ನೀನು ಬರ್ತೀಯ," ಎಂದರು ಕೊನೆಗೆ. "ಬರಬೇಡ ಅಂದ್ರೂ ಬರ್ತೀಯ." ಎದ್ದು ನಿಂತರು. "ನಡಿ. ಹೆಸರು ಅಳಿಸೋದು ನಿನ್ನ ಕೆಲಸ. ಎಲ್ಲರ ಎದುರಿಗೆ ಅಳಿಸು. ಯಾಕೆ ಅಂತ ಹೇಳೋದು ನನ್ನ ಕೆಲಸ."

ಒಳಗೆ ಎಲ್ಲರೂ ಲೋಟ ಹಿಡಿದುಕೊಂಡು ನಮ್ಮನ್ನೇ ಕಾಯುತ್ತಿದ್ದರು. ನಾನು ಬೋರ್ಡಿನ ಹತ್ತಿರ ಹೋದೆ. ಡಸ್ಟರ್ ಪಕ್ಕದಲ್ಲೇ ಇತ್ತು, ಆದರೆ ನಾನು ಅಂಗೈಯಿಂದಲೇ ಅಳಿಸಿದೆ. 'ಮಾವ' ಎಂದು ಬರೆದಿದ್ದ ಜಾಗದಲ್ಲಿ ಬಿಳಿಯ ಮಬ್ಬು ಉಳಿಯಿತು.

"ನನ್ನ ಎಡಗಿವಿ ತೂತಾಗಿದೆ," ಎಂದರು ಮಾವ. "ಶೀತ ಇಟ್ಕೊಂಡು ಇಳಿದಿದ್ದೆ. ಇನ್ನು ಮೇಲೆ ನಾನು ನೀರಿಗಿಳಿಯಲ್ಲ."

ಡ್ರೈವರ್ ತಲೆ ತಗ್ಗಿಸಿದರು. ಯಾವ ದಿನ ಎಂದು ಅವರಿಗೆ ಹೊಳೆದಿರಬೇಕು. ಟೀಚರ್ ಮಾತ್ರ, ಹೊಸಬಳಾದ್ದರಿಂದ, ತಡೆಯಲಾರದೆ ಕೇಳಿಬಿಟ್ಟಳು:

"ಶೀತ ಇದ್ದಾಗ ಇಳೀಬಾರದು ಅಂತ ನೀವೇ ಮೊದಲನೇ ಪಾಠದಲ್ಲಿ ಹೇಳಿದ್ರಲ್ಲ ಸರ್?"

"ಹೇಳಿದೋನೂ ನಾನೇ, ಕೇಳದೋನೂ ನಾನೇ," ಎಂದರು ಮಾವ. "ಈಗ ಹೇಗಿದ್ರೂ ಕೇಳಲ್ಲ."

ಔಷಧಿಯವರು ಎರಡು ಹೆಜ್ಜೆ ಮುಂದೆ ಬಂದರು. ಅವರ ಮುಖ ಕೆಂಪಾಗಿತ್ತು. "ಕಿವಿಗೆ ಡಾಕ್ಟರ್ ಡ್ರಾಪ್ಸ್ ಬರೆದುಕೊಟ್ಟಿರ್ತಾರಲ್ಲ, ಅದನ್ನ ಎಲ್ಲಿ ತಗೊಂಡ್ರಿ?"

ಮಾವ ಎರಡನೇ ಸಲ ಹೇಳಿಸಿಕೊಂಡು, "ಬಸ್ ಸ್ಟ್ಯಾಂಡ್ ಆಚೆ," ಎಂದರು.

"ನನ್ನ ಅಂಗಡಿ ಇಟ್ಕೊಂಡು ಬಸ್ ಸ್ಟ್ಯಾಂಡ್ ಆಚೆ ಹೋದ್ರಾ? ಅಷ್ಟು ದೂರ! ನಮ್ಮ ಹತ್ರ ಕೇಳಿದ್ರೆ ನಾನು ಊರಿಗೆಲ್ಲ ಡಂಗುರ ಹೊಡೀತಿದ್ನಾ?" ಅವರ ಕಣ್ಣಲ್ಲಿ ನೀರಿತ್ತು. ಎಲ್ಲರಿಗೂ ನಗು ಬರುವಂತಿತ್ತು, ಯಾರೂ ನಗಲಿಲ್ಲ. ಮಾವ ಅವರ ಹೆಗಲ ಮೇಲೆ ಕೈಯಿಟ್ಟು, ಇಟ್ಟುಕೊಂಡೇ ನಿಂತರು.

ಐದು ಜನ ಉಳಿದಿದ್ದೆವು. ಹೊಸಬರನ್ನು ಮೂವರ ಗುಂಪಿಗೆ ಸೇರಿಸುವಂತಿಲ್ಲ. ಟೀಚರನ್ನು ನನ್ನ ಜೋಡಿ ಮಾಡಿಕೊಂಡೆ, ಔಷಧಿಯವರನ್ನು ಡ್ರೈವರ್, ಅತ್ತಿಗೆಯ ಜೊತೆ ಬರೆದೆ.

"ಗಂಡ ಹೆಂಡತಿ ಮಧ್ಯೆ ನಾನ್ಯಾಕಮ್ಮ?" ಎಂದರು ಔಷಧಿಯವರು, ಕಣ್ಣೊರೆಸಿಕೊಳ್ಳುತ್ತ.

"ಬನ್ನಿ, ನೀರಲ್ಲಾದ್ರೂ ಒಬ್ಬರು ಸಾಕ್ಷಿ ಇರ್ಲಿ," ಎಂದರು ಅತ್ತಿಗೆ.

ದಡದಲ್ಲಿ ಪೋಸ್ಟ್‌ಮ್ಯಾನ್ ಭಾವನ ಜೊತೆ ಮಾವ ಎಂದು ನಾನು ಬರೆಯಲು ಹೋದಾಗ ಭಾವ ಮೆಲ್ಲಗೆ ಕೆಮ್ಮಿದರು. "ನಾನು ತಲೆ ಎಣಿಸ್ತೀನಿ, ಅಷ್ಟೇ. ಗುಳ್ಳೆ ನೋಡಿ ಯಾರು ಎಲ್ಲಿದಾರೆ ಅನ್ನೋದು ನನಗೆ ಗೊತ್ತಾಗಲ್ಲ. ಇವರಿಗೆ ಗೊತ್ತಾಗುತ್ತೆ." ಮಾವನಿಗೆ ಇದು ಕೇಳಿಸಲಿಲ್ಲ. ನಾನು ಅವರೆದುರು ನಿಂತು ಅದನ್ನು ಮತ್ತೆ ಹೇಳಿದೆ. ಅವರು ಹೂಂ ಎಂದರು. ಆ ಹೂಂ ಒಪ್ಪಿಗೆಯೋ, ಸುಮ್ಮನೆ ಹೂಂ ಎಂದದ್ದೋ, ಈಗಲೂ ನನಗೆ ತಿಳಿಯದು.

ಇಳಿಯುವ ದಿನ ಬೆಳಿಗ್ಗೆ ಸಮುದ್ರ ಸಮಾಧಾನವಾಗಿತ್ತು. ಬಂಡೆಗಳ ಸಂದಿನಲ್ಲಿ ನೀರು ಉಸಿರೆಳೆದು ಬಿಟ್ಟಂತೆ ಏರಿ ಇಳಿಯುತ್ತಿತ್ತು. ಡ್ರೈವರ್, ಅತ್ತಿಗೆ, ಔಷಧಿಯವರು ಆಗಲೇ ಸೊಂಟದುದ್ದ ನೀರಿಗೆ ಇಳಿದಿದ್ದರು. ಭಾವ ಮೂರು ಎಂದು ಎಣಿಸಿಕೊಂಡರು.

ಇಳಿಯುವ ಮುಂಚೆ ಜೋಡಿಯವರು ಒಬ್ಬರ ಸಾಮಾನು ಒಬ್ಬರು ನೋಡಬೇಕು. ಮೇಲಿನಿಂದ ಕೆಳಕ್ಕೆ: ಮೊದಲು ಸಿಲಿಂಡರಿನ ವಾಲ್ವ್, ಆಮೇಲೆ ಕೊಳವೆಗಳು, ಗಾಳಿ ಎಷ್ಟಿದೆ ಎಂದು ತೋರಿಸುವ ಗೇಜು, ಬಕಲ್, ಕೊನೆಗೆ ತೂಕದ ಬೆಲ್ಟು. ನಾನು ಟೀಚರ್ ಸಾಮಾನು ನೋಡಿ ಮುಗಿಸಿದೆ. ಅವಳು ನನ್ನದನ್ನು ನೋಡಲು ಬಂದಳು. ಕೊನೆಗೆ ನೋಡಬೇಕಾದ ಬೆಲ್ಟಿನಿಂದಲೇ ಶುರು ಮಾಡಿದಳು.

ಮಾವ ಒಂದು ಮಾರು ದೂರದ ಬಂಡೆಯ ಮೇಲೆ ಕೂತಿದ್ದರು, ಬೂದು ಬಣ್ಣದ ಉಣ್ಣೆ ಟೋಪಿ ಕಿವಿಯವರೆಗೂ ಎಳೆದುಕೊಂಡು. ಅವರ ಬಲಗೈ ಮೊಣಕಾಲ ಮೇಲಿಂದ ಎದ್ದಿತು. ಇಷ್ಟು ವರ್ಷ ನನ್ನ ಬೆನ್ನ ಹಿಂದಿನ ವಾಲ್ವನ್ನು ಮುಟ್ಟಿ ನೋಡಿದ್ದು ಆ ಕೈ. ಗಾಳಿಯಲ್ಲಿ ಅರ್ಧಕ್ಕೆ ನಿಂತಿತು. ಹಾಗೇ ಕೆಳಗಿಳಿದು ಮೊಣಕಾಲನ್ನು ಹಿಡಿದುಕೊಂಡಿತು.

ಹೇಳಲೇ ಎಂದುಕೊಂಡೆ. ಮಾವನ ಕಡೆ ನೋಡಿದೆ. ಅವರು ಟೀಚರ್ ಕೈಗಳನ್ನೇ ನೋಡುತ್ತಿದ್ದರು, ತುಟಿ ಬಿಗಿದುಕೊಂಡು. ನಾನೂ ಸುಮ್ಮನಾದೆ.

ಬಕಲ್‌ವರೆಗೆ ಬಂದವಳು ನಿಂತಳು. ನನ್ನ ಎದೆಯ ಮೇಲಿನ ಪಟ್ಟಿಯನ್ನೇ ದಿಟ್ಟಿಸುತ್ತ ಒಳಗೊಳಗೇ ಏನೋ ಹೇಳಿಕೊಂಡಳು. ಆಮೇಲೆ ಉಸಿರು ಬಿಟ್ಟು, ನನ್ನ ಹಿಂದಕ್ಕೆ ಬಂದು, ವಾಲ್ವಿನ ಮೇಲೆ ಕೈಯಿಟ್ಟಳು.